ಜಾವಾ, ಯೆಜ್ಡಿ ಮತ್ತು ದಿನನಿತ್ಯದ ಸವಾರಿ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದೆಯೇ, ಈಚೆಗೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ದಿನವೂ ಕೆಲಸಕ್ಕೆ ಹೋಗಿಬರಲು ಮೋಟಾರ್ ಸೈಕಲ್ ಬೇಕು. ಅದು ಹಳೆಯ ಕಾಲದ ಗಾಂಭೀರ್ಯ ಉಳ್ಳದ್ದಾಗಿರಬೇಕು. ಹಾಗಾದರೆ ಹಳೆಯ ಯೆಜ್ಡಿಯನ್ನೇ ಹುಡುಕಿ ಕೊಳ್ಳುವುದೋ, ಹಳೆಯ ರೂಪದಲ್ಲಿ ಹೊಸದಾಗಿ ತಯಾರಾಗಿ ಬರುತ್ತಿರುವುದನ್ನು ಕೊಳ್ಳುವುದೋ? ಇತಿಹಾಸದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ಕೆಲವರು ನಗಬಹುದು. ಆದರೆ ಇದರ ಉತ್ತರ ಇತಿಹಾಸದಲ್ಲಿಯೇ ಇದೆ, ಅದರಲ್ಲಿಯೂ ನಮ್ಮ ಮೈಸೂರಿನ ಇತಿಹಾಸದಲ್ಲಿ ಇದೆ ಎಂಬುದು ನನ್ನ ನಂಬಿಕೆ.

ಮೊದಲು ಹೆಸರುಗಳ ವಿಚಾರ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಕೂಡಿಸಿದಾಗ ಹುಟ್ಟಿದ್ದೇ ‘ಜಾವಾ’. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಯೆಜ್ಡಿ ಎಂಬ ಹೆಸರು ಇರಾನಿನ ಯಜ್ದ್ ನಗರದಿಂದ ಬಂದದ್ದು. ಆದರೆ ಒಂದು ಸೊಗಸಾದ ಆಕಸ್ಮಿಕವಿದೆ. ಜೆಕ್ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಧ್ವನಿಯ ಒಂದು ಕ್ರಿಯಾಪದವಿದೆ. ಅದರ ಅರ್ಥ ‘ಸವಾರಿ ಮಾಡುತ್ತಾನೆ’ ಎಂದು. ಈಗ ಈ ಗಳಿಗೆಯಲ್ಲಿ ಹೋಗುತ್ತಿದ್ದಾನೆ ಎನ್ನುವುದಕ್ಕೆ ಆ ಭಾಷೆಯಲ್ಲಿ ಬೇರೆ ರೂಪವಿದೆ. ಈ ರೂಪವನ್ನು ಬಳಸುವುದು ಮತ್ತೆ ಮತ್ತೆ, ವಾಡಿಕೆಯಾಗಿ ಸವಾರಿ ಮಾಡುವುದಕ್ಕೆ. ದಿನನಿತ್ಯದ ಸವಾರಿ ಎಂಬುದಕ್ಕೆ ಇದಕ್ಕಿಂತ ಒಪ್ಪುವ ಮಾತು ಸಿಗಲಾರದು.

1950ರ ದಶಕದಲ್ಲಿ ಮುಂಬಯಿಯ ಇರಾನಿ ಮನೆತನದವರು ಜಾವಾಗಳನ್ನು ಆಮದು ಮಾಡಿ ಮಾರುತ್ತಿದ್ದರು. ಸಿದ್ಧ ವಾಹನಗಳ ಆಮದಿಗೆ ಸರ್ಕಾರ ತಡೆಯೊಡ್ಡಿದಾಗ ಇಲ್ಲಿಯೇ ತಯಾರಿಸುವ ನಿರ್ಧಾರವಾಯಿತು. ರುಸ್ತುಂ ಮತ್ತು ಫರೋಖ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹವೂ ಅದಕ್ಕೆ ದೊರೆಯಿತು. 1961ರಿಂದ ಮೈಸೂರಿನ ಜಾವಾಗಳು ರಸ್ತೆಗಿಳಿದವು. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಹೆಸರು ಬಂದಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಆ ಯಂತ್ರದ ಸ್ವಭಾವವನ್ನು ತಿಳಿಯದೆ ಅದನ್ನು ಕೊಳ್ಳುವುದು ಸರಿಯಲ್ಲ. ಅದು ಸುಮಾರು 250 ಸಿಸಿಯ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಇಂಜಿನ್. ಸಿಲಿಂಡರ್ ಒಂದೇ ಆದರೂ ಸೈಲೆನ್ಸರುಗಳು ಎರಡು. ಎಡಗಡೆಯ ಒಂದೇ ಲಿವರು ಹಿಂದಕ್ಕೆ ತಿರುಗಿಸಿದರೆ ಕಿಕ್ಕರು, ಮುಂದಕ್ಕೆ ಮಡಿಸಿದರೆ ಗೇರು. ಗೇರು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡಿದ್ದುದರಿಂದ, ಪಳಗಿದವರು ಕ್ಲಚ್ಚು ಹಿಡಿಯದೆಯೇ ಗೇರು ಬದಲಾಯಿಸುತ್ತಿದ್ದರು. ಚೈನು ಪೂರ್ತಿಯಾಗಿ ತಗಡಿನ ಕವಚದೊಳಗೆ ಇರುತ್ತಿದ್ದುದರಿಂದ ಪಂಚೆಗೂ ಪ್ಯಾಂಟಿಗೂ ಎಣ್ಣೆಯ ಕಲೆಯಾಗುತ್ತಿರಲಿಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟರು ಬರುತ್ತಿದ್ದುದು ಇಂಥದೊಂದು ಗಾಡಿಯಲ್ಲಿಯೇ ಎಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದರ ಸದ್ದು ಗೇಟಿನ ಬಳಿ ಕೇಳಿದೊಡನೆ ತರಗತಿ ನಿಶ್ಶಬ್ದವಾಗುತ್ತಿತ್ತು.

ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ಮನೆಯಿಲ್ಲ. ಪೆಟ್ರೋಲಿನಲ್ಲಿಯೇ ಬೆರೆಸಿದ ಎಣ್ಣೆ ಪಿಸ್ಟನ್ನಿಗೆ ಜಿಡ್ಡು ಕೊಡಬೇಕು. ಆದುದರಿಂದ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನ ಹಿಡಿತದಲ್ಲಿಯೇ ಬಹಳ ಹೊತ್ತು ಇಳಿದರೆ, ಇಂಜಿನ್ನು ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹೋಗುವುದಿಲ್ಲ. ಚಾಮುಂಡಿ ಬೆಟ್ಟ ಇಳಿಯುವಾಗ ಅನುಭವಸ್ಥರು ನಡುನಡುವೆ ಒಮ್ಮೊಮ್ಮೆ ಆಕ್ಸಿಲರೇಟರ್ ತಿರುವುತ್ತಿದ್ದುದು ಈ ಕಾರಣಕ್ಕೆ, ಶೋಕಿಗಲ್ಲ. ಉರಿಯದ ಎಣ್ಣೆ ಮಸಿಯಾಗಿ ಸೈಲೆನ್ಸರಿನಲ್ಲಿ ಕಟ್ಟಿಕೊಳ್ಳುತ್ತದೆ. ಅದನ್ನು ಆಗಾಗ ಬಿಚ್ಚಿ ಕೆರೆಸಬೇಕು. ಪಾಯಿಂಟ್ ಉಜ್ಜಬೇಕು, ಪ್ಲಗ್ ತೊಳೆಯಬೇಕು, ಗಾಡಿ ನಿಲ್ಲಿಸಿದಾಗ ಪೆಟ್ರೋಲಿನ ನಲ್ಲಿ ಮುಚ್ಚಬೇಕು.

ಇವನ್ನೆಲ್ಲ ದೋಷಗಳೆಂದು ಆಗ ಯಾರೂ ಎಣಿಸುತ್ತಿರಲಿಲ್ಲ. ಬೀದಿಗೊಬ್ಬ ಮೆಕ್ಯಾನಿಕ್ ಇದ್ದ. ಮನೆಯ ಯಜಮಾನನಿಗೂ ಸ್ಪ್ಯಾನರ್ ಹಿಡಿಯಲು ಬರುತ್ತಿತ್ತು. ಬಿಡಿಭಾಗಗಳು ಊರಿನಲ್ಲಿಯೇ ಸಿಗುತ್ತಿದ್ದವು. ಹಳೆಯ ಗಾಡಿ ದಿನನಿತ್ಯ ಓಡುತ್ತಿದ್ದುದು ತನ್ನ ಕಬ್ಬಿಣದ ಬಲ ಒಂದರಿಂದಲೇ ಅಲ್ಲ, ತನ್ನ ಸುತ್ತಲಿದ್ದ ಜನರ ತಿಳುವಳಿಕೆಯಿಂದ. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಈ ವ್ಯವಸ್ಥೆ ಅಲುಗಾಡಿದ್ದು 1980ರ ದಶಕದಲ್ಲಿ. ಜಪಾನಿನ ಸಂಸ್ಥೆಗಳ ಸಹಯೋಗದಲ್ಲಿ 100 ಸಿಸಿಯ ಹಗುರ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೊಂಡಾ ಸಿಡಿ 100 ಫೋರ್-ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಗೊಡವೆಯಿಲ್ಲ, ಮೈಲೇಜೂ ಬಹಳ ಹೆಚ್ಚು. ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತು ಮನೆಮಾತಾಯಿತು. ನನ್ನ ದೃಷ್ಟಿಯಲ್ಲಿ ಆ ಒಂದು ಮಾತು ಒಂದು ಯುಗವನ್ನು ಮುಗಿಸಿ ಇನ್ನೊಂದನ್ನು ಆರಂಭಿಸಿತು. ಅದುವರೆಗೆ ಗಾಡಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಸವಾರನ ಕರ್ತವ್ಯ. ಅಂದಿನಿಂದ ಮರೆಯುವುದು ಅವನ ಹಕ್ಕು. ಸಂಸಾರಸ್ಥನಿಗೆ ಅದು ದೊಡ್ಡ ಬಿಡುಗಡೆಯೇ ಆಯಿತು, ಅದರಲ್ಲಿ ತಪ್ಪೇನೂ ಇಲ್ಲ. 1991ರಲ್ಲಿ ಆರಂಭವಾದ ಹೊಗೆಯ ನಿಯಮಗಳು 1996ರಲ್ಲಿ ಬಿಗಿಯಾದವು. ಪೈಪೋಟಿ, ಹೊಗೆಯ ನಿಯಮ, ಕಾರ್ಮಿಕ ಸಮಸ್ಯೆ ಇವೆಲ್ಲ ಸೇರಿ ಯಾದವಗಿರಿಯ ಕಾರ್ಖಾನೆಯ ಬಾಗಿಲು ಮುಚ್ಚಿಸಿದವು. ಎಷ್ಟೋ ಸಂಸಾರಗಳ ಅನ್ನದ ದಾರಿ ಅಲ್ಲಿಗೆ ಮುಚ್ಚಿತು. ಆ ಯಂತ್ರದ ವಿದ್ಯೆ ರಸ್ತೆಬದಿಯ ಗ್ಯಾರೇಜುಗಳಲ್ಲಿ ಉಳಿಯಿತು.

ಮದರಾಸಿನ ಬುಲೆಟ್ಟಿನ ಕಥೆ ಬೇರೆ. 1955ರಲ್ಲಿ ಇಲ್ಲಿ ಆರಂಭವಾದ ರಾಯಲ್ ಎನ್‌ಫೀಲ್ಡ್ ತಯಾರಿಕೆ, ಇಂಗ್ಲೆಂಡಿನ ಮೂಲ ಸಂಸ್ಥೆ ಮುಚ್ಚಿದ ಮೇಲೂ ನಿಲ್ಲಲಿಲ್ಲ. ಬಲಗಾಲಿನ ಗೇರು, ಎಡಗಾಲಿನ ಬ್ರೇಕು, ಕಿಕ್ಕರು ಒದೆಯುವ ಮುನ್ನ ನೋಡಬೇಕಾದ ಅಮ್ಮೀಟರು, ಎಲ್ಲವೂ ದಶಕಗಳ ಕಾಲ ಮುಂದುವರಿದವು. 2009ರಲ್ಲಿ ಬಂದ ಕ್ಲಾಸಿಕ್ ಮಾದರಿಯಲ್ಲಿ ರೂಪ 1950ರ ದಶಕದ್ದಾದರೂ ಇಂಜಿನ್ನು ಹೊಸದು, ಗೇರು ಎಡಗಾಲಿಗೆ. ಹಳೆಯ ರೂಪಕ್ಕೆ ಎಷ್ಟು ದೊಡ್ಡ ಮಾರುಕಟ್ಟೆಯಿದೆ ಎಂಬುದನ್ನು ದೇಶಕ್ಕೆ ತೋರಿಸಿದ್ದು ಅದೇ. 2018ರ ನವೆಂಬರಿನಲ್ಲಿ ಜಾವಾ ಹೆಸರು ಮರಳಿತು, 2022ರ ಜನವರಿಯಲ್ಲಿ ಯೆಜ್ಡಿ ಮರಳಿತು. ಆದರೆ ಹೆಸರು ಮೈಸೂರಿಗೆ ಮರಳಲಿಲ್ಲ. ಈ ಗಾಡಿಗಳು ತಯಾರಾಗಿ ಬಂದದ್ದು ಮಧ್ಯಪ್ರದೇಶದ ಪೀಥಂಪುರದಿಂದ. 2018ರ ಜಾವಾದಲ್ಲಿ ಇದ್ದುದು 293 ಸಿಸಿಯ, ನೀರಿನಿಂದ ತಣಿಯುವ ಫೋರ್-ಸ್ಟ್ರೋಕ್ ಇಂಜಿನ್, ಆರು ಗೇರು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಎರಡು ಸೈಲೆನ್ಸರುಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದರು. ಪೂರ್ವಜರ ಮುಖಚಹರೆ ಹೊತ್ತ ಮೊಮ್ಮಗನೆಂದು ತಿಳಿಯಬಹುದು. ರಕ್ತದ ಗುಂಪು ಬೇರೆ.

ಈಗ ಪ್ರಶ್ನೆಗೆ ಬರೋಣ. ದಿನವೂ ಓಡಿಸುವವರು ಐದು ಸಂಗತಿಗಳನ್ನು ತೂಗಿ ನೋಡಬೇಕು.

ಒಂದು, ಬ್ರೇಕು. ಹಳೆಯ ಗಾಡಿಗಳ ಡ್ರಮ್ ಬ್ರೇಕುಗಳು ಅಂದಿನ ರಸ್ತೆಗೆ, ಅಂದಿನ ವೇಗಕ್ಕೆ ಹೊಂದಿದ್ದವು. 2019ರ ಏಪ್ರಿಲಿನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಗಾಡಿಗಳೆಲ್ಲಕ್ಕೂ ಎಬಿಎಸ್ ಕಡ್ಡಾಯವಾಗಿದೆ. ನಿಮ್ಮ ಮುಂದಿರುವವನು ಥಟ್ಟನೆ ನಿಲ್ಲಬಲ್ಲ, ನೀವು ನಿಲ್ಲಲಾರಿರಿ ಎಂಬುದನ್ನು ನೆನಪಿಡಬೇಕು.

ಎರಡು, ಇಂಧನ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳು ಅದಕ್ಕೆಂದು ಮಾಡಿದವಲ್ಲ. ಅವನ್ನು ಬದಲಾಯಿಸಿಯೇ ಓಡಿಸಬೇಕು, ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು.

ಮೂರು, ಹೊಗೆ. ನಿಮ್ಮ ಸವಾರಿಯ ಸುಖಕ್ಕೆ ಹಿಂದೆ ಬರುವ ಮಗುವಿನ ಉಸಿರು ಬೆಲೆ ತೆರಬಾರದು. ವಾರಕ್ಕೊಮ್ಮೆ ಓಡುವ ಗಾಡಿಗೂ ದಿನಕ್ಕೆರಡು ಬಾರಿ ಓಡುವ ಗಾಡಿಗೂ ಈ ವಿಷಯದಲ್ಲಿ ವ್ಯತ್ಯಾಸವಿದೆ.

ನಾಲ್ಕು, ಕಾಗದಪತ್ರ. ಸ್ವಂತ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇಂಜಿನ್ ಮತ್ತು ಛಾಸಿಯ ಸಂಖ್ಯೆಗಳು ಆರ್‌ಸಿ ಪುಸ್ತಕಕ್ಕೆ ತಾಳೆಯಾಗದ ಗಾಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಇನ್ನೊಂದು ಮಾತು: 50 ವರ್ಷ ದಾಟಿದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆ ಗೌರವ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು, ಮೆಕ್ಯಾನಿಕ್. ಗಾಡಿಯನ್ನು ನೋಡಲು ಹೋಗುವ ಮೊದಲು ಅದನ್ನು ಬಲ್ಲವರನ್ನು ಹುಡುಕಿ. ಯೆಜ್ಡಿಯ ಒಳಹೊರಗನ್ನು ಬಲ್ಲ ಕೈಗಳಿಗೆ ಈಗ ವಯಸ್ಸಾಗಿದೆ. ಅನೇಕರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ನಿಮ್ಮ ಮನೆಯಿಂದ ಗಾಡಿಯನ್ನು ತಳ್ಳಿಕೊಂಡು ಹೋಗಬಹುದಾದಷ್ಟು ದೂರದಲ್ಲಿ ಅಂಥವರೊಬ್ಬರು ಇಲ್ಲದಿದ್ದರೆ, ದಿನನಿತ್ಯಕ್ಕೆ ಹಳೆಯ ಗಾಡಿ ಬೇಡ.

ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ. ಹೊತ್ತಿಗೆ ಸರಿಯಾಗಿ ಕಚೇರಿ ಸೇರಬೇಕಾದವರು, ಮಕ್ಕಳನ್ನು ಶಾಲೆಗೆ ಬಿಡಬೇಕಾದವರು ಹಳೆಯ ರೂಪದ ಹೊಸ ಗಾಡಿಯನ್ನೇ ಕೊಳ್ಳಲಿ. ಅದರಲ್ಲಿ ಸಂಕೋಚ ಬೇಡ. ಆದರೆ ಅದನ್ನು ಕೊಂಡು ಇತಿಹಾಸವನ್ನು ಉಳಿಸಿದೆವೆಂದು ಭಾವಿಸಬಾರದು. ರೂಪವನ್ನು ಯಾವ ಕಾರ್ಖಾನೆಯಾದರೂ ಮತ್ತೆ ಅಚ್ಚುಹಾಕಬಲ್ಲದು. ಕೈಯ ವಿದ್ಯೆಯನ್ನು ಹಾಗೆ ಅಚ್ಚುಹಾಕಲಾಗದು. ಕೆಲಸ ಕಲಿಯುವ ತಾಳ್ಮೆಯುಳ್ಳವರು, ವಾರಕ್ಕೊಂದು ಗಂಟೆ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಬಲ್ಲವರು ಹಳೆಯದನ್ನು ಕೊಳ್ಳಲಿ. ಅಂಥವರು ಗಾಡಿಯ ಜೊತೆಗೆ ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಶಿಷ್ಯತ್ವವನ್ನೂ ಸ್ವೀಕರಿಸಬೇಕು. ಹೇಳಿಕೊಡುವ ಹಂಬಲವಿದ್ದೂ ಕೇಳುವವರಿಲ್ಲದ ಎಷ್ಟೋ ಗುರುಗಳು ಆ ಗ್ಯಾರೇಜುಗಳಲ್ಲಿ ಇದ್ದಾರೆ.

ತಂದೆಯವರ, ತಾತನವರ ಯೆಜ್ಡಿ ಮನೆಯ ಹಿತ್ತಲಿನಲ್ಲಿ ಗೋಣಿತಾಟಿನ ಕೆಳಗೆ ನಿಂತಿದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಯಾರಾದರೂ ಬಲ್ಲವರಿಗೆ ತೋರಿಸಿ. ಅದರ ಕಥೆಯನ್ನೂ ರಿಪೇರಿಯ ಅನುಭವವನ್ನೂ ನನಗೆ ಬರೆದು ತಿಳಿಸಿ, ಎಲ್ಲರೊಡನೆ ಹಂಚಿಕೊಳ್ಳೋಣ. ಎಲ್ಲಿ ಹೋಗುವುದಾದರೂ ಹೆಲ್ಮೆಟ್ ಧರಿಸಿಯೇ ಹೋಗಿ.