ಕವಡೆ ಕಾಸಿನ ಕಿಮ್ಮತ್ತು

ಹೋದ ತಿಂಗಳು ಮಗಳ ಸ್ಕೂಲಲ್ಲಿ ಬಟ್ಟೆ ಚೂರಿನಿಂದ ಏನಾದ್ರೂ ಒಡವೆ ಮಾಡ್ಕೊಂಡು ಬನ್ನಿ ಅಂದಿದ್ರು. ಹೊಸಪೇಟೆಯಿಂದ ಬಂದಿದ್ದ ಅವ್ವ ಹಳೇ ಕೆಂಪು ಲಂಗದ ಅಂಚು ಕತ್ತರಿಸಿ, ನಡುವೆ ಪಂಚೆ ತುಂಡು ಇಟ್ಟು ದಪ್ಪ ಪಟ್ಟಿ ಹೊಲಿದ್ಲು. ಚೌಕಾಬಾರದ ನಾಲ್ಕು ಕವಡೆ ತಗೊಂಡು ಉಬ್ಬಿದ ಬೆನ್ನನ್ನ ಕಲ್ಲಿಗೆ ತಿಕ್ಕಿ ತೂತು ಮಾಡಿದ್ಲು. ಆ ತೂತಿಗೂ ಕವಡೆ ಬಾಯಿಗೂ ದಾರ ಹಾಯಿಸಿ ಬಿಗಿದ್ರೆ ಅದು ಬಟ್ಟೆ ಮೇಲೆ ಅಲುಗಾಡದೆ ಕೂರುತ್ತೆ. ತುದಿಗೆ ಉಲ್ಲನ್ ಗೊಂಡೆ. ಒಂದೂವರೆ ಗಂಟೇಲಿ ಸರ ರೆಡಿ. (ಚೌಕಾಬಾರಕ್ಕೆ ಈಗ ಹುಣಸೆ ಬೀಜವೇ ಗತಿ.)

"ಲಂಬಾಣೇರ ಸರ ಇದ್ದಂಗೈತಲ್ಲ" ಅಂದ್ಲು ಅವ್ವ. ನಾನು ಓದೋಕೆ ಶುರು ಮಾಡಿದ್ದು ಅಲ್ಲಿಂದ.

ಹೈದರಾಬಾದಿನಲ್ಲಿರೋ ನಾವು ವೀಕೆಂಡಿಗೆ ಬಂಜಾರಾ ಹಿಲ್ಸ್‌ಗೆ ಹೋಗ್ತೀವಲ್ಲ, ಆ ಹೆಸರಿನ ಬಂಜಾರರೇ ನಮ್ಮ ಕಡೆಯ ಲಂಬಾಣಿಗಳು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ವ್ಯಾಪಾರಿಗಳು. ಮೊಘಲರ ಸೈನ್ಯಕ್ಕೂ ಊಟ ಮುಟ್ಟಿಸಿದವರು. ನಮ್ಮ ಭಾಷೇಲಿ ಹೇಳೋದಾದ್ರೆ ಆ ಕಾಲದ ಸಪ್ಲೈ ಚೈನ್. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ ಕಾರ್ನ್‌ವಾಲಿಸ್, ದವಸ ಮುಗಿದು, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಹಾಳುಮಾಡಿ ವಾಪಸ್ ಹೋದ. 1792ರಲ್ಲಿ ಮತ್ತೆ ಬಂದಾಗ ದವಸ ಹೊತ್ತ ಬಂಜಾರರ ಎತ್ತುಗಳು ಜೊತೆಗಿದ್ದವು. ಟಿಪ್ಪುವಿನ ಸೋಲಿನ ಕಥೆಯಲ್ಲಿ ಈ ಎತ್ತುಗಳನ್ನ ಯಾರೂ ನಮಗೆ ಪಾಠ ಮಾಡಲಿಲ್ಲ.

ಹೀಗೆ ನಡೀತಾನೇ ಇರೋ ಜನ ಆಸ್ತಿಯನ್ನ ಎಲ್ಲಿಡಬೇಕು? ಮೈಮೇಲೆ. ನಾಣ್ಯ, ಕನ್ನಡಿ ಚೂರು, ಕವಡೆ ಎಲ್ಲಾ ಬಟ್ಟೆಗೇ ಹೊಲಿಗೆ. ಕೊಡ ಹೊರೋ ಸಿಂಬಿಗೂ ಕವಡೆ. ಈ ಕವಡೆ ಬರೀ ಅಲಂಕಾರ ಅಲ್ಲ, ಅದು ದುಡ್ಡಾಗಿತ್ತು. ಮಾಲ್ಡೀವ್ಸ್‌ನಿಂದ ಹಡಗಿನಲ್ಲಿ ಬಂದು ಬಂಗಾಳ, ಒಡಿಶಾದ ಸಂತೆಗಳಲ್ಲಿ ಚಲಾವಣೆಯಲ್ಲಿತ್ತು. ಕಂಪನಿ ಸರ್ಕಾರ ಕಂದಾಯವನ್ನ ಬೆಳ್ಳಿಯಲ್ಲೇ ಕಟ್ಟಿ ಅಂದಾಗ ಜನ ಕಂಗಾಲಾದ್ರು. 1817ರ ಪೈಕಾ ದಂಗೆಗೆ ಅದೂ ಒಂದು ಕಾರಣ. ನಾವು "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅಂತ ಬೈತೀವಲ್ಲ, ಆ ಕಾಸಿಗೆ ಒಂದು ಕಾಲದಲ್ಲಿ ಅಕ್ಕಿ ಬರ್ತಿತ್ತು.

1853ರಲ್ಲಿ ಮುಂಬೈ–ಠಾಣೆ ರೈಲು ಓಡಿತು. ಹಳಿ ಹಬ್ಬಿದ ಹಾಗೆ ಎತ್ತಿನ ವ್ಯಾಪಾರ ಸತ್ತಿತು. 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಬಂತು. ಬಂಜಾರರ ಹಲವು ಗುಂಪುಗಳೂ ಆ ಪಟ್ಟಿ ಸೇರಿದವು. ನಿನ್ನೆ ಸೈನ್ಯಕ್ಕೆ ಅನ್ನ ಕೊಟ್ಟವರು ಇವತ್ತು ಹುಟ್ಟಿನಿಂದಲೇ ಕಳ್ಳರು. 1952ರ ಹೊತ್ತಿಗೆ ಆ ಕಾಯ್ದೆ ರದ್ದಾಯ್ತು ನಿಜ. ಆದ್ರೆ ನಾನು ಚಿಕ್ಕವನಿದ್ದಾಗಲೂ ನಮ್ಮ ಓಣಿಗೆ ಲಂಬಾಣಿ ಹೆಂಗಸರು ಬಂದ್ರೆ "ಕದ ಹಾಕ್ಕೊಳ್ರಿ" ಅನ್ನೋರಿದ್ರು. ನಮ್ಮ ಮನೆಯಲ್ಲೂ. ಈಗ ನೋಡಿ, ಅದೇ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನಾವು ರಾಜ್ಯ ಬದಲಾಯಿಸಿದ್ರೆ ಗಾಡಿ ನಂಬರ್ ಅಷ್ಟೇ ಬದಲಾಗೋದು.

ಕಸೂತಿಗೆ ಮಾತ್ರ ಮರ್ಯಾದೆ ಸಿಕ್ಕಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಲ್ಲಿನ ಮಾಲ್‌ಗಳಲ್ಲಿ ಅದೇ ಥರದ ಸರವನ್ನ ನಾವು ಚೌಕಾಸಿ ಮಾಡದೇ ಕೊಳ್ತೀವಿ.

ಕವಡೆ ಬಿಗಿಯೋದು ಎಲ್ಲಿ ಕಲ್ತೆ ಅಂತ ಅವ್ವನ್ನ ಕೇಳಿದೆ. ಕೌದಿ ಹೊಲಿಯೋಕೆ ಬರ್ತಿದ್ದ ತಾಂಡಾದ ಒಬ್ಬಾಕಿ ನಮ್ಮ ಕಟ್ಟೆ ಮೇಲೆ ಕೂತು ತೋರಿಸಿದ್ಲಂತೆ. ಅವಳ ಹೆಸರು ಅವ್ವನಿಗೆ ಗೊತ್ತಿಲ್ಲ. ಕೇಳಿರಲಿಲ್ಲವಂತೆ.

ಗೋರ್ ಬೋಲಿ ಮಾತಾಡೋರು ಯಾರಾದ್ರೂ ನೋಡ್ತಿದ್ರೆ, ಈ ಸರಕ್ಕೆ ನಿಮ್ಮನೇಲಿ ಏನಂತಾರೆ, ದಯವಿಟ್ಟು ತಿಳಿಸಿ.