ಇಸ್ತಾಂಬುಲ್: ಬೆಂಕಿಯ ಊರಿನಲ್ಲಿ ನೀರು ಹೊತ್ತವರು

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಪೇಟೆಬೀದಿಯ ಗೋಣಿಚೀಲದ ಗೋದಾಮಿಗೆ ಬೆಂಕಿ ಬಿತ್ತು. ತಾಲೂಕು ಕೇಂದ್ರದಿಂದ ಗಂಟೆ ಬಾರಿಸುತ್ತ ಕೆಂಪು ಬಂಡಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಬಂದ ಮೇಲೆ ಪೈಪು ಬಿಚ್ಚಿದರೆ ಮೂರು ಕಡೆ ತೂತು. ಸಿಬ್ಬಂದಿಯೇ ತಮ್ಮ ಟವೆಲ್ಲುಗಳನ್ನು ಸುತ್ತಿ ಕಟ್ಟಿದರು. ಅಷ್ಟರಲ್ಲಿ ಎದುರಿನ ಮಸೀದಿಯ ಹೌಜಿನಿಂದ ಜನ ಕೊಡಪಾನದಲ್ಲಿ ನೀರು ಸಾಗಿಸಿ ಪಕ್ಕದ ಎರಡು ಅಂಗಡಿಗಳನ್ನು ಉಳಿಸಿಕೊಂಡಿದ್ದರು. ಮರುದಿನ ಊರೆಲ್ಲ ಬೈದದ್ದು ಆ ಸಿಬ್ಬಂದಿಯನ್ನೇ. ಹೊಸ ಪೈಪಿಗಾಗಿ ಅವರು ಮೇಲಿನವರಿಗೆ ಬರೆದು ವರ್ಷ ಕಳೆದಿತ್ತೆಂಬುದು ನನಗೆ ಗೊತ್ತಾದದ್ದು ಬಹಳ ಕಾಲದ ನಂತರ. ಇಸ್ತಾಂಬುಲ್ ನಗರದ ಬೆಂಕಿಗಳ ಚರಿತ್ರೆಯನ್ನು ಓದುವಾಗಲೆಲ್ಲ ಆ ತೂತು ಪೈಪು ಮತ್ತು ಆ ಹೌಜು ನನಗೆ ನೆನಪಾಗುತ್ತವೆ.

ಇಸ್ತಾಂಬುಲ್ ಮರದ ಊರಾಗಿತ್ತು. ಮಸೀದಿ, ಮದರಸ, ಸ್ನಾನಗೃಹ, ಮುಚ್ಚುಬಜಾರುಗಳು ಕಲ್ಲಿನವು. ಜನ ಬದುಕುವ ಮನೆಗಳು ಮಾತ್ರ ಮರದವು. ಇದಕ್ಕೆ ಕಾರಣಗಳಿದ್ದವು. 1509ರ ಭೂಕಂಪದಲ್ಲಿ ಕಲ್ಲಿನ ಕಟ್ಟಡಗಳು ಕುಸಿದು ಸಾವಿರಾರು ಜನ ಸತ್ತಿದ್ದರು. ಜನ ಅದನ್ನು ‘ಚಿಕ್ಕ ಕಿಯಾಮತ್’ ಎಂದೇ ಕರೆದರು. ಭೂಕಂಪಕ್ಕೆ ಮರದ ಮನೆ ಒಳ್ಳೆಯದು. ಅದು ಅಗ್ಗ ಕೂಡ, ಬೇಗ ಕಟ್ಟಬಹುದು. ಆದರೆ ಕಿರಿದಾದ ಓಣಿ, ಒಂದರ ಮೇಲೊಂದು ಬಾಗಿದಂತಿರುವ ಮಹಡಿಗಳು, ಚಳಿಗಾಲದಲ್ಲಿ ಮನೆಮನೆಯಲ್ಲೂ ಇದ್ದಲಿನ ಒಲೆ, ಜೊತೆಗೆ ಕಪ್ಪು ಸಮುದ್ರದ ಕಡೆಯಿಂದ ಬೀಸುವ ಗಾಳಿ. ಒಂದು ಕಿಡಿ ಸಾಕಾಗುತ್ತಿತ್ತು. 1660ರ ಜುಲೈನಲ್ಲಿ ಹತ್ತಿದ ಬೆಂಕಿ ನಗರದ ಬಹುಭಾಗವನ್ನು ಸುಟ್ಟಿತು. ಲಂಡನ್ ಸುಟ್ಟದ್ದು ಇದಾಗಿ ಆರು ವರ್ಷಗಳಿಗೆ. ಲಂಡನ್ನಿನ ಬೆಂಕಿ ನಮ್ಮ ಶಾಲಾ ಪುಸ್ತಕಗಳ ದಾರಿ ಹಿಡಿದು ನಮ್ಮವರೆಗೂ ಬಂತು, ಇಸ್ತಾಂಬುಲ್ಲಿನದು ಬರಲಿಲ್ಲ.

ಯುರೋಪಿನ ಪ್ರವಾಸಿಗಳು ಈ ಬೆಂಕಿಗಳ ಬಗ್ಗೆ ಧಾರಾಳವಾಗಿ ಬರೆದಿದ್ದಾರೆ. ಅವರಲ್ಲಿ ಅನೇಕರದು ಒಂದೇ ರಾಗ: ತುರ್ಕರು ಹಣೆಬರಹವನ್ನು ನಂಬುವವರು, ಮನೆ ಉರಿಯುತ್ತಿದ್ದರೂ ಜಪಮಾಲೆ ಎಣಿಸುತ್ತ ಕೂರುವವರು. ಈ ಮಾತನ್ನು ನಮ್ಮಲ್ಲೂ ಎಷ್ಟೋ ವಿದ್ಯಾವಂತರು ಬೇರೆ ಬೇರೆ ಸಂದರ್ಭಗಳಲ್ಲಿ ಆಡುತ್ತಾರೆ. ಇದು ನಿಜವೇ ಎಂದು ನೋಡಲು ಆ ಊರಿನ ಸರಕಾರಿ ಫರ್ಮಾನುಗಳನ್ನು ನೋಡಬೇಕು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲೇ ಪ್ರತಿ ಮನೆಯವರೂ ಮಾಡು ಮುಟ್ಟುವಷ್ಟು ಉದ್ದದ ಏಣಿ ಮತ್ತು ತುಂಬಿದ ಒಂದು ನೀರಿನ ಪೀಪಾಯಿ ಇಟ್ಟುಕೊಂಡಿರಬೇಕೆಂಬ ಆಜ್ಞೆ ಹೊರಟಿತ್ತು. ಬೆಂಕಿ ಬಿದ್ದರೆ ಓಡಿಹೋಗದೆ ನಿಂತು ಆರಿಸಬೇಕು ಎಂದೂ ಹೇಳಿತ್ತು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಸುಟ್ಟುಹೋದಾಗ, ಮಲಗುವ ಮುನ್ನ ಬೆಂಕಿ ಆರಿಸಿ ಮಲಗಿ ಎಂದು ಪ್ರವಾದಿಯವರು ಹೇಳಿದ್ದು ಹದೀಸ್ ಸಂಗ್ರಹಗಳಲ್ಲೇ ಇದೆ. ಹಣೆಬರಹದ ಮೇಲೆ ಭಾರ ಹಾಕಿ ಕುಳಿತವರಿಗೆ ಏಣಿಯೂ ಬೇಡ, ಪೀಪಾಯಿಯೂ ಬೇಡ.

ಅಲ್ಲಿನ ನೀರು ಹೊರುವವರಿಗೆ ‘ಸಕಾ’ ಎನ್ನುತ್ತಿದ್ದರು. ಚರ್ಮದ ಚೀಲದಲ್ಲಿ ಕಾರಂಜಿಗಳಿಂದ ನೀರು ತುಂಬಿ ಮನೆಮನೆಗೆ ಕೊಡುವವರು. ನಮ್ಮ ಭಿಸ್ತಿಗಳಂತೆ, ಪಖಾಲಿಗಳಂತೆ. ಬೆಂಕಿಯ ಕೂಗು ಕೇಳಿದೊಡನೆ ಅವರು ಚೀಲ ತುಂಬಿಕೊಂಡು ಅಲ್ಲಿಗೆ ಬರಲೇಬೇಕಿತ್ತು. ಬಡಗಿಗಳು ಕೊಡಲಿ ಹಿಡಿದು ಬರಬೇಕಿತ್ತು. ಜಾನಿಸರಿ ಸೈನಿಕರು ಕೊಕ್ಕೆ ಮತ್ತು ಹಗ್ಗದೊಂದಿಗೆ ಬರುತ್ತಿದ್ದರು. ಪಂಪು ಇಲ್ಲದ ಕಾಲದಲ್ಲಿ ಬೆಂಕಿ ನಿಲ್ಲಿಸುವ ದೊಡ್ಡ ಉಪಾಯವೆಂದರೆ ಉರಿಯುವ ಮನೆಯ ಮುಂದಿನ ನಾಲ್ಕಾರು ಮನೆಗಳನ್ನು ಕೆಡವಿ ಬಯಲು ಮಾಡುವುದು. ಯಾರ ಮನೆ ಕೆಡವಬೇಕು, ಯಾರದನ್ನು ಬಿಡಬೇಕು ಎಂಬ ತೀರ್ಮಾನ ಮಾತ್ರ ಕೊಡಲಿ ಹಿಡಿದವನ ಕೈಯಲ್ಲಿತ್ತು. ಇಲ್ಲಿಯೇ ಲಂಚ, ಬೆದರಿಕೆ, ಲೂಟಿ ಎಲ್ಲವೂ ಹುಟ್ಟಿಕೊಂಡವು. ಜಾನಿಸರಿಗಳು ಸಂಬಳದ ಸಿಟ್ಟಿಗೆ ತಾವೇ ಬೆಂಕಿ ಇಡುತ್ತಾರೆ ಎಂಬ ಮಾತೂ ಊರಲ್ಲಿತ್ತು. ದೊಡ್ಡ ಬೆಂಕಿಯ ಸ್ಥಳಕ್ಕೆ ಸುಲ್ತಾನನೇ ಹೋಗಿ ನಿಲ್ಲುವ ಪದ್ಧತಿಯಿತ್ತು. ಅವನು ಅಲ್ಲಿ ಹಣ ಹಂಚುತ್ತಿದ್ದ; ಜನ ತಮ್ಮ ಕೋಪವನ್ನು ಅವನ ಮುಖಕ್ಕೇ ಹೇಳುವ ಅವಕಾಶವೂ ಅದೇ ಆಗಿತ್ತು.

ಪಂಪು ಬಂದದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. ಫ್ರಾನ್ಸಿನಿಂದ ಬಂದು ಇಸ್ಲಾಮ್ ಸ್ವೀಕರಿಸಿ ದಾವೂದ್ ಎಂದು ಹೆಸರಿಟ್ಟುಕೊಂಡವನೊಬ್ಬ ಕೈಯಿಂದ ಒತ್ತುವ ಪಂಪು ತಯಾರಿಸಿ ತೋರಿಸಿದ. ಸುಲ್ತಾನ್ ಮೂರನೆಯ ಅಹ್ಮದನ ಕಾಲ. ಪ್ರಧಾನಿ ದಾಮಾದ್ ಇಬ್ರಾಹಿಂ ಪಾಶಾ ಇದನ್ನು ಮೆಚ್ಚಿ 1720ರ ಸುಮಾರಿಗೆ ಜಾನಿಸರಿ ಸೈನ್ಯದೊಳಗೇ ಒಂದು ಪಂಪಿನ ದಳ ಕಟ್ಟಿ ದಾವೂದನನ್ನೇ ಅದರ ಮುಖ್ಯಸ್ಥನನ್ನಾಗಿ ಮಾಡಿದ. ಪಂಪಿಗೆ ತುರ್ಕಿಯಲ್ಲಿ ‘ತುಲುಂಬಾ’, ಅದನ್ನು ಹೊರುವವನು ‘ತುಲುಂಬಾಜಿ’. (ನಮ್ಮ ಪಕ್ಕದ ಮುಂಬಯಿಯಲ್ಲಿ ಬೆಂಕಿ ಬಂಡಿಗೆ ‘ಬಂಬ್’ ಎನ್ನುತ್ತಾರಲ್ಲ, ಅದು ಪೋರ್ಚುಗೀಸರ ಪಂಪಿನ ಹೆಸರು. ಬೆಂಕಿ ಆರಿಸುವ ಯಂತ್ರ ಎಲ್ಲಿಗೆ ಹೋದರೂ ಹೊರಗಿನ ಹೆಸರನ್ನೇ ಹೊತ್ತುಕೊಂಡು ಹೋಗಿದೆ.)

ನೂರು ವರ್ಷ ಇದು ನಡೆಯಿತು. 1826ರ ಜೂನ್‌ನಲ್ಲಿ ಸುಲ್ತಾನ್ ಎರಡನೆಯ ಮಹಮೂದ್ ಜಾನಿಸರಿ ಸೈನ್ಯವನ್ನೇ ನಿರ್ನಾಮ ಮಾಡಿದ. ಅದರೊಂದಿಗೆ ಪಂಪಿನ ದಳವೂ ಹೋಯಿತು. ಸೈನ್ಯವನ್ನು ಮುಗಿಸುವ ಉಪಾಯವನ್ನು ವರ್ಷಗಟ್ಟಲೆ ಹೊಂಚಿದವರು, ನಾಳೆ ಬೆಂಕಿ ಬಿದ್ದರೆ ಯಾರು ಬರುತ್ತಾರೆಂದು ಯೋಚಿಸಿದಂತಿಲ್ಲ. ಎರಡು ತಿಂಗಳೂ ತುಂಬಿರಲಿಲ್ಲ, ಆಗಸ್ಟ್ ಆರಂಭದಲ್ಲಿ ಹೋಜಾಪಾಶಾ ಭಾಗದಲ್ಲಿ ಹತ್ತಿದ ಬೆಂಕಿ ಊರಿನ ಹೃದಯಭಾಗವನ್ನೇ ತಿಂದುಹಾಕಿತು. ಆರಿಸುವವರಿಲ್ಲದ ಊರು ನೋಡುತ್ತ ನಿಂತಿತು. ಅವಸರದಲ್ಲಿ ಹೊಸ ದಳವೊಂದನ್ನು ಕಟ್ಟಬೇಕಾಯಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬಳಿಕ 1828ರಲ್ಲಿ ಬೆಯಾಜಿತ್‌ನಲ್ಲಿ ಕಲ್ಲಿನ ಕಾವಲುಗೋಪುರ ಎದ್ದಿತು. ಎತ್ತರ ಸುಮಾರು 85 ಮೀಟರ್. ಕಟ್ಟಿದವನು ಆರ್ಮೇನಿಯನ್ ಶಿಲ್ಪಿ ಸೆನೆಕೆರಿಮ್ ಬಾಲ್ಯಾನ್. ಅಲ್ಲಿಯೂ ಆಚೆ ದಡದ ಗಲಾತಾ ಗೋಪುರದಲ್ಲಿಯೂ ಹಗಲಿರುಳು ಕಾವಲುಗಾರರು ಇರುತ್ತಿದ್ದರು. ಹೊಗೆ ಕಂಡರೆ ಹಗಲಲ್ಲಿ ಬುಟ್ಟಿಗಳನ್ನು, ರಾತ್ರಿಯಲ್ಲಿ ಲಾಟೀನುಗಳನ್ನು ತೂಗುಬಿಡುತ್ತಿದ್ದರು. ಬಾಸ್ಫರಸ್ ಆಚೆಯ ಇಜಾದಿಯೆ ಗುಡ್ಡದಿಂದ ತೋಪು ಹಾರಿಸುತ್ತಿದ್ದರು. ಗೋಪುರದಿಂದ ಓಟಗಾರರು ಈಟಿ ಹಿಡಿದು ಸುದ್ದಿ ಹೊತ್ತು ಓಡುತ್ತಿದ್ದರು. ಮೊಹಲ್ಲಾದ ಗಸ್ತಿನವನು ಕಬ್ಬಿಣದ ತುದಿಯ ಕೋಲನ್ನು ಬೀದಿಯ ಕಲ್ಲಿಗೆ ಬಡಿಯುತ್ತ ‘ಬೆಂಕಿ ಬಿದ್ದಿದೆ’ ಎಂದು ಜಾಗದ ಹೆಸರು ಹೇಳಿ ಕೂಗುತ್ತ ಹೋಗುತ್ತಿದ್ದ. ಟೆಲಿಫೋನ್ ಇಲ್ಲದ ಊರಿನಲ್ಲಿ ಸುದ್ದಿ ತಲುಪಿಸಲು ಇದಕ್ಕಿಂತ ಚೆನ್ನಾದ ವ್ಯವಸ್ಥೆ ಬೇರೆ ಎಲ್ಲಿತ್ತೋ ಕಾಣೆ. ಸುದ್ದಿ ತಲುಪುತ್ತಿತ್ತು, ನೀರು ತಲುಪುತ್ತಿರಲಿಲ್ಲ.

ನೀರು ತಲುಪಿಸುವ ಹೊಣೆ ಬಹುಮಟ್ಟಿಗೆ ಮೊಹಲ್ಲಾಗಳ ಹೆಗಲಿಗೆ ಬಂತು. ಅಕ್ಷರಶಃ ಹೆಗಲಿಗೆ. ಮೊಹಲ್ಲಾದವರು ಚಂದಾ ಎತ್ತಿ ಒಂದು ಕೈಪಂಪು ಕೊಳ್ಳುತ್ತಿದ್ದರು. ಅದನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಎರಡು ಉದ್ದ ಗಳುಗಳಿಗೆ ಕಟ್ಟಿ, ನಾಲ್ವರು ಯುವಕರು ಹೊತ್ತು ಓಡುತ್ತಿದ್ದರು. ಸುಸ್ತಾದವರ ಹೆಗಲಿನಿಂದ ಓಟ ನಿಲ್ಲಿಸದೆಯೇ ಇನ್ನು ನಾಲ್ವರು ತೆಗೆದುಕೊಳ್ಳುತ್ತಿದ್ದರು. ಆ ಪೆಟ್ಟಿಗೆಗೆ ಅವರು ‘ಸಂದಿಕ್’ ಎನ್ನುತ್ತಿದ್ದರು. ನಮ್ಮ ಅಜ್ಜಿಯರು ಸೀರೆ ಇಡುತ್ತಿದ್ದ ಸಂದೂಕವೇ ಅದು. ಎರಡೂ ಅರಬಿಯಿಂದ ಬಂದ ಮಾತು. ಮುಸ್ಲಿಮರ ಮೊಹಲ್ಲಾದಲ್ಲಿ ಇದ್ದಂತೆ ಗ್ರೀಕರ, ಆರ್ಮೇನಿಯನ್ನರ, ಯಹೂದಿಗಳ ಮೊಹಲ್ಲಾಗಳಲ್ಲಿಯೂ ತುಲುಂಬಾಜಿ ತಂಡಗಳಿದ್ದವು. ಬೆಂಕಿಗೆ ಯಾರ ತಂಡ ಮೊದಲು ಮುಟ್ಟುತ್ತದೆ ಎಂಬ ಪಂದ್ಯ. ಗೆದ್ದವರ ಹೆಸರು ಮೊಹಲ್ಲಾದ ಕಾಫಿ ಅಂಗಡಿಯಲ್ಲಿ ವಾರಗಟ್ಟಲೆ ಓಡುತ್ತಿತ್ತು.

ಈ ಹುಡುಗರಿಗೆ ಸಂಬಳವಿಲ್ಲ. ಮನೆ ಉಳಿಸಿಕೊಂಡವನು ಕೊಡುವ ಬಕ್ಷೀಸೇ ಆದಾಯ. ಇಡೀ ವ್ಯವಸ್ಥೆಯ ಬಲವೂ ರೋಗವೂ ಇದರಲ್ಲೇ ಇತ್ತು. ಒಂದು ಕಡೆ, ಹದಿನೆಂಟು ಇಪ್ಪತ್ತರ ಯುವಕರು ಯಾರದೋ ಮನೆಗಾಗಿ ಕುಸಿಯುವ ಮಾಡಿನ ಮೇಲೆ ಹತ್ತಿದರು, ಸತ್ತರು. ಇನ್ನೊಂದು ಕಡೆ, ಉರಿಯುವ ಮನೆಯ ಮುಂದೆಯೇ ಚೌಕಾಸಿ ನಡೆಯಿತು. ಎರಡು ತಂಡಗಳು ದಾರಿಯಲ್ಲಿ ಎದುರಾಗಿ, ಪಂಪು ಕೆಳಗಿಟ್ಟು, ಬೆಂಕಿ ಮರೆತು ಹೊಡೆದಾಡಿದ್ದೂ ಉಂಟು. ನೋಟಕ್ಕೆ ರಂಗಾಗಿದ್ದ ಇವರನ್ನು ಕೆಲವರು ವೀರರೆಂದು ಹಾಡಿ ಹೊಗಳಿದರು, ಕೆಲವರು ಪುಂಡರೆಂದು ಬರೆದರು. ನನಗನಿಸುವುದು, ಸಂಬಳ ಕೊಡದೆ ಪ್ರಾಣ ಕೇಳುವ ಊರಿಗೆ ಪುಂಡರೆಂದು ಕರೆಯುವ ಹಕ್ಕು ಸ್ವಲ್ಪ ಕಡಿಮೆಯೇ ಎಂದು.

ಮೊಹಲ್ಲಾಗಳಲ್ಲಿ ‘ಅವಾರಿಜ್’ ವಕ್ಫ್ ಎಂಬ ನಿಧಿಗಳೂ ಇದ್ದವು. ‘ಅವಾರಿಜ್’ ಎಂದರೆ ಅನಿರೀಕ್ಷಿತವಾಗಿ ಬಂದೆರಗುವುದು. ಯಾರೋ ಒಬ್ಬರು ಬಿಟ್ಟುಹೋದ ಹಣ ಅಥವಾ ಆಸ್ತಿಯ ಆದಾಯದಿಂದ ಮೊಹಲ್ಲಾದ ಬಡವರ ಮೇಲೆ ಬಿದ್ದ ವಿಶೇಷ ತೆರಿಗೆ ಕಟ್ಟುವುದು, ಕಾರಂಜಿ ದುರಸ್ತಿ ಮಾಡಿಸುವುದು, ಕಷ್ಟಕ್ಕೆ ಸಿಕ್ಕವರಿಗೆ ನೆರವಾಗುವುದು ನಡೆಯುತ್ತಿತ್ತು. ವಕ್ಫ್ ಎಂದೊಡನೆ ಇಂದು ನಮಗೆ ನೆನಪಾಗುವುದು ಕೋರ್ಟು ಕಚೇರಿ ಮತ್ತು ಒತ್ತುವರಿ. ಆದರೆ ಈ ವಕ್ಫ್‌ಗಳು ಓಣಿಯ ಮಟ್ಟದಲ್ಲಿ ಆಪತ್ತಿಗೆಂದೇ ಎತ್ತಿಟ್ಟ ಗಂಟಾಗಿದ್ದವು. ಹಾಗೆಂದು ಎಲ್ಲವನ್ನೂ ಹೊಗಳಿ ಕೂರಬೇಕಾಗಿಲ್ಲ. 1660ರ ಬೆಂಕಿಯ ನಂತರ ಎಮಿನೋನು ಭಾಗದಲ್ಲಿ ಮನೆ ಕಳೆದುಕೊಂಡ ಯಹೂದಿಗಳಿಗೆ ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಬಿಡಲಿಲ್ಲ. ಅವರನ್ನು ಬೇರೆ ಕಡೆ ಕಳಿಸಿ, ಅರ್ಧಕ್ಕೆ ನಿಂತಿದ್ದ ರಾಜಮಾತೆಯ ದೊಡ್ಡ ಮಸೀದಿಯನ್ನು ಅಲ್ಲಿ ಪೂರ್ತಿ ಮಾಡಲಾಯಿತು. ಬೆಂಕಿ ಎಲ್ಲರ ಮನೆಯನ್ನೂ ಸುಡುತ್ತದೆ, ಆದರೆ ಸುಟ್ಟ ಜಾಗ ಯಾರಿಗೆ ಸೇರಬೇಕೆಂಬುದನ್ನು ಅಧಿಕಾರವೇ ತೀರ್ಮಾನಿಸುತ್ತದೆ.

1870ರ ಜೂನ್ 5ರಂದು ಪೇರಾ ಹೊತ್ತಿ ಉರಿಯಿತು. ಇದು ರಾಯಭಾರ ಕಚೇರಿಗಳು, ಬ್ಯಾಂಕುಗಳು, ನಾಟಕಶಾಲೆಗಳು ಇದ್ದ ಶ್ರೀಮಂತ ಭಾಗ. 3,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಹೆಸರಾಂತ ನೌಮ್ ನಾಟಕಶಾಲೆ ಸುಟ್ಟಿತು. ಬ್ರಿಟಿಷ್ ರಾಯಭಾರ ಕಚೇರಿಗೂ ಬೆಂಕಿ ತಗುಲಿತು. ಬಡವರ ಮೊಹಲ್ಲಾಗಳು ಮೂರು ಶತಮಾನ ಸುಟ್ಟಾಗ ಬಾರದ ಅವಸರ ಈಗ ಸರಕಾರಕ್ಕೆ ಬಂತು. ಹಂಗೇರಿಯಿಂದ ಕೌಂಟ್ ಓಡೋನ್ ಸೇಚೆನಿಯನ್ನು ಕರೆಸಿದರು. ಲಂಡನ್ನಿನಲ್ಲಿ ಈ ಕೆಲಸ ಕಲಿತು, 1870ರಲ್ಲಿ ಬುಡಾಪೆಸ್ಟ್‌ನ ಅಗ್ನಿಶಾಮಕ ದಳ ಕಟ್ಟಿದ ಶ್ರೀಮಂತ. ಸಣ್ಣದೊಂದು ಉಗಿದೋಣಿಯಲ್ಲಿ ಪೆಸ್ಟ್‌ನಿಂದ ನದಿಗಳ ಮೂಲಕವೇ ಪ್ಯಾರಿಸ್ ತಲುಪಿದ ವಿಚಿತ್ರ ಆಸಾಮಿ. 1874ರಲ್ಲಿ ಅವನು ಇಸ್ತಾಂಬುಲ್ಲಿನಲ್ಲಿ ಸೈನ್ಯದ ಭಾಗವಾಗಿ ಅಗ್ನಿಶಾಮಕ ಪಡೆ ಕಟ್ಟತೊಡಗಿದ. ಕವಾಯತು, ಸಮವಸ್ತ್ರ, ಏಣಿ, ಕುದುರೆ ಎಳೆಯುವ ಪಂಪು.

ಆದರೆ ಕಾಲ ಎಂಥದು ನೋಡಿ. 1875ರಲ್ಲಿ ಉಸ್ಮಾನಿಯಾ ಖಜಾನೆ ಸಾಲ ತೀರಿಸಲಾರದೆ ಕೈಯೆತ್ತಿತು. 1877ರಲ್ಲಿ ರಷ್ಯಾದೊಡನೆ ಯುದ್ಧ. 1881ರಲ್ಲಿ ಪರದೇಶದ ಸಾಲಗಾರರೇ ಆಡಳಿತ ಮಂಡಳಿ ಮಾಡಿಕೊಂಡು ಸಾಮ್ರಾಜ್ಯದ ಎಷ್ಟೋ ತೆರಿಗೆಗಳನ್ನು ನೇರವಾಗಿ ಎತ್ತತೊಡಗಿದರು. ಇಂಥ ಖಜಾನೆ ಪಂಪಿಗೆ, ಕುದುರೆಯ ಮೇವಿಗೆ ಎಲ್ಲಿಂದ ಕೊಟ್ಟೀತು? ಲಂಡನ್ನಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ ವಿಮಾ ಕಂಪೆನಿಗಳೇ ಬೆಂಕಿ ದಳ ಸಾಕುತ್ತಿದ್ದವು. 1861ರ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತ. ಕಂಪೆನಿಗಳು ನಮ್ಮಿಂದಾಗದು ಎಂದವು. 1865ರ ಕಾಯಿದೆ ಬಂದು ಊರಿನ ತೆರಿಗೆ, ಸರಕಾರದ ಅನುದಾನ ಮತ್ತು ವಿಮಾ ಕಂಪೆನಿಗಳ ಪಾಲು, ಈ ಮೂರರಿಂದ ದಳ ನಡೆಯತೊಡಗಿತು. ಇಸ್ತಾಂಬುಲ್ಲಿನಲ್ಲೂ ಪೇರಾ ಬೆಂಕಿಯ ನಂತರ ವಿಮಾ ಕಂಪೆನಿಗಳು ಬಂದವು. ಊರಿನ ಕಟ್ಟಡ ಕಟ್ಟಡವನ್ನೂ ಗುರುತಿಸಿದ ನಕಾಶೆಗಳು ತಯಾರಾದದ್ದು ಆ ವ್ಯಾಪಾರಕ್ಕಾಗಿಯೇ. ವಿಮೆ ಸರಿಯೋ ತಪ್ಪೋ ಎಂಬ ಚರ್ಚೆ ಆಗಲೇ ಹಳೆಯದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ದಮಾಸ್ಕಸಿನ ವಿದ್ವಾಂಸ ಇಬ್ನ್ ಆಬಿದೀನ್ ಹಡಗಿನ ವಿಮೆಯ ಬಗ್ಗೆ ಬರೆದಿದ್ದರು. ಆದರೆ ಮರದ ಮನೆಯ ಬಡವನಿಗೆ ಆ ಚರ್ಚೆ ಬೇಕಾಗಿರಲಿಲ್ಲ. ವಿಮಾ ಕಂಪೆನಿಗೆ ಅವನು ಬೇಕಾಗಿರಲಿಲ್ಲ.

ಕಲ್ಲು ಇಟ್ಟಿಗೆಯ ಮನೆ ಕಟ್ಟಿ ಎಂದು ಸರಕಾರ ಶತಮಾನಗಳಿಂದ ಹೇಳುತ್ತಲೇ ಬಂದಿತ್ತು. ಹಣವಿದ್ದವರು ಕಟ್ಟಿದರು. ನಮ್ಮಲ್ಲೂ 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟಾಗ ಕಲ್ಲು ಮತ್ತು ಕಬ್ಬಿಣದ ಹೊಸ ಅರಮನೆ 1912ರ ಹೊತ್ತಿಗೆ ಎದ್ದು ನಿಂತಿತು. ಅರಮನೆಗೆ ಅದು ಸಾಧ್ಯವಿತ್ತು. 1981ರ ಫೆಬ್ರುವರಿ 7ರಂದು ಬೆಂಗಳೂರಿನ ಸರ್ಕಸ್ ಡೇರೆಯಲ್ಲಿ 92 ಜನ, ಹೆಚ್ಚಿನವರು ಮಕ್ಕಳು, ಸತ್ತದ್ದು ಬಟ್ಟೆಯ ಮಾಡಿನಡಿಯಲ್ಲಿ.

ಸೇಚೆನಿಯ ಪಡೆ ಮತ್ತು ಮೊಹಲ್ಲಾದ ತುಲುಂಬಾಜಿಗಳು ದಶಕಗಳ ಕಾಲ ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲೇ ಓಡಿದರು. 1880ರ ದಶಕದಲ್ಲಿ ಟೆರ್ಕೋಸ್ ಸರೋವರದ ನೀರು ಕೊಳವೆಯಲ್ಲಿ ಬಂತು, ಮೊದಲು ಅನುಕೂಲಸ್ಥರ ಕಡೆಗೆ. 1918ರ ಮೇ ಕೊನೆಯಲ್ಲಿ, ಮಹಾಯುದ್ಧ ಊರನ್ನು ಹಿಂಡಿಹಾಕಿದ್ದಾಗ, ಫಾತಿಹ್ ಭಾಗದಲ್ಲಿ 7,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಸುಟ್ಟದ್ದು ಮತ್ತೆ ಮರದ ಮನೆಗಳೇ.

ಸೇಚೆನಿ ಊರಿಗೆ ಮರಳಲಿಲ್ಲ. ಮತ ಬದಲಿಸದೆಯೇ ‘ಪಾಶಾ’ ಪದವಿ ಪಡೆದು, ಸುಮಾರು ಅರ್ಧ ಶತಮಾನ ಅಲ್ಲೇ ಇದ್ದು, 1922ರಲ್ಲಿ ಇಸ್ತಾಂಬುಲ್ಲಿನಲ್ಲೇ ತೀರಿಕೊಂಡ. ಮರುವರ್ಷ ಅಗ್ನಿಶಾಮಕ ಪಡೆಯನ್ನು ಸೈನ್ಯದಿಂದ ತೆಗೆದು ನಗರಸಭೆಗೆ ಒಪ್ಪಿಸಿದರು. ಅದರ ಸಂಬಳ, ಪಂಪು, ಪೈಪು ಎಲ್ಲವೂ ಅಲ್ಲಿಂದ ಮುಂದೆ ಊರಿನ ಲೆಕ್ಕಪುಸ್ತಕಕ್ಕೆ ಸೇರಿದವು. ಬೆಯಾಜಿತ್ ಗೋಪುರ ಇನ್ನೂ ನಿಂತಿದೆ. ರಾತ್ರಿ ಹೊತ್ತು ಅದಕ್ಕೆ ಬಣ್ಣದ ದೀಪಗಳನ್ನು ಹಾಕಿ ಮರುದಿನದ ಹವಾಮಾನ ತಿಳಿಸುವ ರೂಢಿ ಬೆಳೆಯಿತು: ನೀಲಿಯಾದರೆ ಬಿಸಿಲು, ಹಸಿರಾದರೆ ಮಳೆ, ಹಳದಿಯಾದರೆ ಮಂಜು, ಕೆಂಪಾದರೆ ಹಿಮ.