ಕಾನೂನು ವ್ಯಾಸಂಗಕ್ಕೆ ಸರ್ಕಾರಿ ಸಾಲ: ಯಾದಗಿರಿ, ಶಹಾಪುರ, ಸುರಪುರ

ಯಾದಗಿರಿ 2009ರ ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಇಲ್ಲಿಂದ ಎಲ್‌ಎಲ್‌ಬಿ ಓದಲು ಹೊರಡುವ ಅನೇಕರು ಕಲಬುರಗಿಯ ಶೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿಗೋ ರಾಯಚೂರಿಗೋ ಹೋಗುತ್ತಾರೆ. ಈ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಪಿಯುಸಿ ನಂತರ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷದ ಓದು. ಶುಲ್ಕದ ಜೊತೆಗೆ ಹಾಸ್ಟೆಲ್, ಊಟ, ಪುಸ್ತಕಗಳ ಖರ್ಚೂ ಇರುತ್ತದೆ. ಇವೆಲ್ಲಕ್ಕೂ ಶಿಕ್ಷಣ ಸಾಲ ಸಿಗುತ್ತದೆ.

ಎಲ್ಲ ವರ್ಗದವರಿಗೂ ತೆರೆದಿರುವ ದಾರಿ ಬ್ಯಾಂಕ್ ಸಾಲ. 2001ರಲ್ಲಿ ರೂಪುಗೊಂಡ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿವರೆಗೆ ಅಡಮಾನವೂ ಬೇಡ, ಕೈಯಿಂದ ಪಾಲು ಹಾಕುವುದೂ ಬೇಡ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯ ಬೆಂಬಲವಿದೆ. ‘ನಿಮ್ಮೂರು ನಮ್ಮ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬ್ಯಾಂಕು ಅರ್ಜಿ ವಾಪಸ್ ಕಳಿಸುವಂತಿಲ್ಲ. ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹುಣಸಗಿ, ಕೆಂಭಾವಿ ಕಡೆಯ ಪೋಷಕರಿಗೆ ಈ ಮಾತು ತಿಳಿದಿರಲೇಬೇಕು.

ಸಾಲಕ್ಕಿಂತ ದೊಡ್ಡ ನೆರವು ಬಡ್ಡಿ ಸಹಾಯಧನ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ಓದುವ ಅವಧಿ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. 2009ರಿಂದ ಇರುವ ಈ ಯೋಜನೆ ಕಾನೂನು ಪದವಿಯಂಥ ವೃತ್ತಿಪರ ಕೋರ್ಸುಗಳಿಗಾಗಿಯೇ ಇರುವುದು. ಲೆಕ್ಕ ಹಾಕಿ ನೋಡಿ: ವರ್ಷಾರಂಭದಲ್ಲಿ 60 ಸಾವಿರದಂತೆ ಐದು ವರ್ಷ 3 ಲಕ್ಷ ಪಡೆದು, ಶೇ 10ರ ಸರಳ ಬಡ್ಡಿ ಹಿಡಿದರೆ, ಮರುಪಾವತಿ ಶುರುವಾಗುವಷ್ಟರಲ್ಲಿ ಬಡ್ಡಿಯೇ 1.2 ಲಕ್ಷ. ಆದಾಯ ಪ್ರಮಾಣಪತ್ರ ಸಕಾಲಕ್ಕೆ ಬ್ಯಾಂಕಿಗೆ ತಲುಪದಿದ್ದರೆ ಈ ಹೊರೆಯೆಲ್ಲ ಮನೆಯವರ ಮೇಲೆ ಬೀಳುತ್ತದೆ. ಪ್ರವೇಶ ಪಡೆದ ವರ್ಷವೇ ನಾಡಕಚೇರಿಯಿಂದ ಪತ್ರ ತಂದು ಕೊಡಬೇಕು. ಓದನ್ನು ಅರ್ಧಕ್ಕೆ ಬಿಟ್ಟವರಿಗೆ ಸಹಾಯಧನವಿಲ್ಲ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ರ‍್ಯಾಂಕಿಂಗ್‌ನಲ್ಲಿ ಮುಂದಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸೀಟು ಸಿಕ್ಕವರಿಗೆ ಇದು ದೊಡ್ಡ ಆಸರೆ. ಜಿಲ್ಲಾ ಕೇಂದ್ರದ ಸಾಮಾನ್ಯ ಕಾಲೇಜು ಸೇರಿದವರು ಇದನ್ನು ನಂಬಿ ಕೂರಬಾರದು.

ಪರಿಶಿಷ್ಟ ಪಂಗಡದವರಿಗೆ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಹಣಕಾಸು ನಿಗಮದ ‘ಆದಿವಾಸಿ ಶಿಕ್ಷಾ ಋಣ’ ಯೋಜನೆಯಡಿ ಶೇ 6ರ ಬಡ್ಡಿಗೆ 10 ಲಕ್ಷದವರೆಗೆ ಅವಕಾಶವಿದೆ. ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ, ವಿಧಾನಸಭಾ ಕ್ಷೇತ್ರವೂ ಪಂಗಡಕ್ಕೆ ಮೀಸಲಾಗಿರುವ ಸುರಪುರದಲ್ಲಿ ಇದು ಮನೆಮನೆಗೂ ತಿಳಿಯಬೇಕಾದ ಯೋಜನೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ‘ಅರಿವು’ ಸಾಲವಿದೆ, ಬಡ್ಡಿ ಶೇ 2 ಮಾತ್ರ. ಅಲ್ಪಸಂಖ್ಯಾತರ ನಿಗಮವೂ ಇದೇ ಹೆಸರಿನ ಸಾಲ ಕೊಡುತ್ತದೆ. ಆದರೆ ‘ಅರಿವು’ ಹೆಚ್ಚಾಗಿ ಸಿಇಟಿ, ನೀಟ್ ಸೀಟುಗಳಿಗೆ ಹೊಂದಿಸಿದ ಯೋಜನೆ. ಕಾನೂನು ಸೀಟು ಸಿಇಟಿಯಿಂದ ಹಂಚಿಕೆಯಾಗುವುದಿಲ್ಲವಾದ್ದರಿಂದ ಆ ವರ್ಷದ ಪ್ರಕಟಣೆಯಲ್ಲಿ ಕೋರ್ಸಿನ ಹೆಸರು ಇದೆಯೇ ಎಂದು ನೋಡಿಯೇ ಅರ್ಜಿ ಹಾಕಬೇಕು.

ಕಿರಿಯ ವಕೀಲರ ಮೊದಲ ವರ್ಷಗಳ ಗಳಿಕೆ ಅತ್ಯಲ್ಪ. ಸಾಲದ ಕಂತು ಮಾತ್ರ ಓದು ಮುಗಿದ ಒಂದು ವರ್ಷಕ್ಕೇ ಶುರುವಾಗುತ್ತದೆ; ತೀರಿಸಲು 15 ವರ್ಷದವರೆಗೆ ಕಾಲಾವಕಾಶ ಸಿಗಬಹುದು. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವಕೀಲರ ನೋಂದಣಿ ಶುಲ್ಕ 750 ರೂಪಾಯಿಗೆ, ಪರಿಶಿಷ್ಟರಿಗೆ 125 ರೂಪಾಯಿಗೆ ಇಳಿದಿದೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರ ತರಬೇತಿ ಭತ್ಯೆಯನ್ನೂ ಕೊಡುತ್ತದೆ.

ಹಾಗಾಗಿ ಮೊದಲು ವಿದ್ಯಾರ್ಥಿವೇತನ ಮತ್ತು ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿ, ಕೊರತೆ ಬಿದ್ದಷ್ಟಕ್ಕೆ ಮಾತ್ರ, ಸಾಧ್ಯವಾದಷ್ಟೂ 4 ಲಕ್ಷದೊಳಗೆ ಸಾಲ ಮಾಡುವುದು ಒಳ್ಳೆಯದು. ಬ್ಯಾಂಕು ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.